ಅಟ್ಟದ ಮೇಲಿಟ್ಟ ರಾಕೆಟ್

ಕಳೆದ ದೀಪಾವಳಿಗೆ ನಮ್ಮನೆ ತಾರಸಿ ಮೇಲೆ ಒಂದು ರಾಕೆಟ್ ಆಕಾಶಕ್ಕೆ ಹೋಗೋ ಬದಲು ಬಾಟಲಿಯಲ್ಲೇ ಢಂ ಅಂತ ಸಿಡಿಯಿತು. ಹಚ್ಚಿದವನು ಅಣ್ಣನ ಮಗ, ಎಂಟನೇ ಕ್ಲಾಸು. ಮುಂಗೈ ಸುಟ್ಟು ಬೊಬ್ಬೆ ಎದ್ದಿತ್ತು. ಆಸ್ಪತ್ರೆಗೆ ಹೋಗೋ ದಾರಿಯುದ್ದಕ್ಕೂ ಎಲ್ಲರೂ ಅವನನ್ನೇ ಬೈದೆವು. "ಹಚ್ಚೋಕೆ ಬರದಿದ್ರೆ ಯಾಕೋ ಮುಟ್ಟಿದೆ?" ಅಂತ ಹೆಚ್ಚು ಜೋರು ಮಾಡಿದ್ದು ನಾನು. ಅವನು ಅಳುತ್ತಾ, "ಇಲ್ಲ ಅತ್ತೆ, ಸರಿಯಾಗೇ ಹಚ್ಚಿದೆ" ಅಂತ ಒಂದೇ ಮಾತು ಹೇಳ್ತಿದ್ದ.

ಸಂಕ್ರಾಂತಿ ರಜೆಯಲ್ಲಿ ಅವನನ್ನು ಕರ್ಕೊಂಡು ಶಿವಮೊಗ್ಗದ ನಾದಿನಿ ಮನೆಗೆ ಹೋಗಿದ್ದೆ. ನಾದಿನಿಯ ಗಂಡ ಸೇನೆಯ ಮದ್ದುಗುಂಡಿನ ವಿಭಾಗದಲ್ಲಿದ್ದು ನಿವೃತ್ತರಾದವರು. ಅವರೇ ನಮ್ಮನ್ನು ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಳೇ ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಸಿಕ್ಕಿದ್ದು ನಿಮಗೆ ನೆನಪಿರಬಹುದು. ಹೂಳು ತೆಗೆಯುವಾಗ ಮಣ್ಣೇ ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ. ಹೈದರ್, ಟಿಪ್ಪು ಕಾಲದವು. ಟಿಪ್ಪು ಹುಟ್ಟಿದ್ದು ನಮ್ಮ ದೇವನಹಳ್ಳಿಯಲ್ಲೇ. ಅವನ ಬಗ್ಗೆ ಊರಲ್ಲಿ ಎರಡು ಮಾತಿದೆ, ಅದು ಇಲ್ಲಿ ಬೇಡ.

ಹುಡುಗ ತುಕ್ಕು ಹಿಡಿದ ನಳಿಗೆಗಳನ್ನು ನೋಡ್ತಾ, "ಇವು ಸಿಡೀತಿರಲಿಲ್ವಾ ಮಾಮಾ?" ಅಂದ. ಅವನ ಕೈಯ ಕಲೆ ನೋಡಿ ಅವರು ನಿಧಾನವಾಗಿ ಹೇಳಿದರು. ಆ ಕಾಲದ ಯುರೋಪಿನ ರಾಕೆಟ್‌ಗೆ ರಟ್ಟಿನ ಕೋಶ, ಮೈಸೂರಿನವರದ್ದು ಬಡಿದ ಕಬ್ಬಿಣದ್ದು. ಒಳಗಿನ ಹೊಗೆ ಎಷ್ಟು ಒತ್ತಿದರೂ ಕಬ್ಬಿಣ ತಡೆಯುತ್ತೆ. ಅದಕ್ಕೇ ಅವು 2 ಕಿಲೋಮೀಟರ್‌ವರೆಗೂ ಹೋಗ್ತಿದ್ದವು. ವೂಲಿಚ್‌ನ ಸಂಗ್ರಹದಲ್ಲಿದ್ದ ಒಂದರ ನಳಿಗೆ 20 ಸೆಂಟಿಮೀಟರ್ ಕೂಡ ಇಲ್ಲ, ಕಟ್ಟಿದ ಬಿದಿರು ಮಾತ್ರ 1.9 ಮೀಟರ್! ಆ ಕೋಲು ಇಲ್ಲದಿದ್ರೆ ಪಲ್ಟಿ ಹೊಡೆದು ಹಾರಿಸಿದವನ ಕಡೆಗೇ ಬರುತ್ತಂತೆ.

"ಬಂದೂಕಿನ ಗುಂಡಿಗೂ ಮೈ ಗಟ್ಟಿ ಇರಬೇಕು" ಅಂದರು. ಸೀಸದ ಮೇಲೆ ತಾಮ್ರದ ಹೊದಿಕೆ ಇರುತ್ತಲ್ಲ, ಅದು ತೆಳುವಾಗಿದ್ದರೆ ಸೆಕೆಂಡಿಗೆ ಸಾವಿರಾರು ಸುತ್ತು ತಿರುಗುವ ರಭಸಕ್ಕೆ ಗುಂಡು ಗಾಳಿಯಲ್ಲೇ ಹರಿದು ಚೂರಾಗುತ್ತೆ. ದೂರದ ಗುರಿಯ ಹಲಗೆಯಲ್ಲಿ ತೂತೇ ಬಿದ್ದಿರಲ್ಲ. ಹೊಡೆದವನು ತನ್ನ ಕಣ್ಣು, ಕೈಯನ್ನೇ ಬೈಕೊಳ್ತಾನೆ.

ಆಮೇಲೆ ನನ್ನ ಕಡೆ ತಿರುಗಿ, "ಆ ರಾಕೆಟ್ ಹೊಸದಾ ಅಮ್ಮಾ?" ಅಂದರು.

ಹೊಸದಲ್ಲ. ಹಿಂದಿನ ವರ್ಷ ಉಳಿದದ್ದು. ದುಡ್ಡು ಕೊಟ್ಟಿದ್ದು ಯಾಕೆ ಬಿಸಾಡೋದು ಅಂತ ಸೀಟಿನ ಮನೆಯ ಅಟ್ಟದಲ್ಲಿ ಇಟ್ಟವಳು ನಾನೇ. ಮಳೆಗಾಲದ ತೇವ, ಬೇಸಿಗೆಯ ಕಾವು ಎರಡೂ ಕುಡಿದು ಒಂದು ವರ್ಷ ಅಲ್ಲೇ ಬಿದ್ದಿತ್ತು. ಒತ್ತಿ ತುಂಬಿದ ಮದ್ದು ಊದುಬತ್ತಿಯ ಹಾಗೆ ಪದರ ಪದರವಾಗಿ ಉರಿಯಬೇಕು. ತೇವ ಹಿಡಿದು ಒಣಗಿ ಬಿರುಕು ಬಿಟ್ಟರೆ ಬೆಂಕಿ ಆ ಬಿರುಕಿನೊಳಗೆ ನುಗ್ಗಿ ಎಲ್ಲಾ ಕಡೆ ಒಟ್ಟಿಗೇ ಹತ್ತಿಕೊಳ್ಳುತ್ತೆ. ಅಷ್ಟು ಹೊಗೆ ಆ ಸಣ್ಣ ಬಾಯಿಂದ ಹೊರಗೆ ಹೋಗಕ್ಕಾಗಲ್ಲ. ಮೆತ್ತಗಾದ ಕಾಗದದ ಕೋಶ ಒಡೆದೇ ಹೋಗುತ್ತೆ.

ನಾನು ಸುಮ್ಮನಾದೆ. ಹುಡುಗನೂ ಏನೂ ಅನ್ನಲಿಲ್ಲ. ವಾಪಸ್ ಬರುವಾಗ ಬಸ್ಸಲ್ಲಿ, ತರೀಕೆರೆ ದಾಟಿದ ಮೇಲೆ, "ತಪ್ಪು ನಂದು ಕಣೋ, ಸುಮ್ನೆ ಬೈದುಬಿಟ್ಟೆ" ಅಂದೆ. "ಅಪ್ಪನಿಗೂ ಹೇಳ್ತೀಯಾ?" ಅಂತ ಕೇಳಿದ. ಹೇಳಿದೆ, ಬಸ್ಸಿಂದಲೇ ಫೋನ್ ಮಾಡಿ.

ಮನೆಗೆ ಬಂದವಳೇ ಅಟ್ಟದ ಪೆಟ್ಟಿಗೆ ಇಳಿಸಿ, ಉಳಿದಿದ್ದನ್ನೆಲ್ಲ ಬಕೆಟ್ ನೀರಲ್ಲಿ ಮುಳುಗಿಸಿದೆ. ಪಕ್ಕದಲ್ಲೇ ನಿಂತು ಅವನು ಎಣಿಸಿದ. ಇನ್ನೂ ಒಂಬತ್ತು ರಾಕೆಟ್ ಇದ್ದವು.