ಉದುರಿದ ಎಲೆ ಅಂಗಳದಲ್ಲೇ ಇರಲಿ

ಮಾಘ ಮಾಸ ಮುಗಿಯುವ ಹೊತ್ತಿಗೆ ಹೊಂಗೆ ಎಲೆ ಉದುರಿಸುತ್ತದೆ, ಬಾದಾಮಿ ಮರದ ಅಗಲವಾದ ಎಲೆಗಳು ಕೆಂಪಾಗಿ ಕಳಚುತ್ತವೆ, ಬೇವು, ಅರಳಿ ಸರದಿಯಲ್ಲಿರುತ್ತವೆ. ಯುಗಾದಿಗೆ ಮೊದಲು ಮನೆಯ ಸುತ್ತಮುತ್ತ ಚೊಕ್ಕಟ ಮಾಡುವ ಕೆಲಸ ಶುರುವಾಗುವುದೂ ಆಗಲೇ. ಎಲೆಯನ್ನೆಲ್ಲ ಗುಡಿಸಿ ಮೂಲೆಗೆ ಹಾಕಿ ಕಡ್ಡಿ ಗೀರುವುದು, ಗಿಡಗಳ ಬುಡ ಕೆದಕಿ ಬರಿಮಣ್ಣು ಕಾಣುವಂತೆ ಮಾಡುವುದು, ನರ್ಸರಿಯಿಂದ ಹೊಸ ಸಸಿ ತಂದು ನೆಡುವುದು: ಅಂಗಳವನ್ನು ವಸಂತಕ್ಕೆ ಅಣಿಗೊಳಿಸುವುದೆಂದರೆ ಇಷ್ಟೇ ಎಂಬುದು ಹಲವು ಮನೆಗಳ ರೂಢಿ. ಈ ರೂಢಿ ನಮ್ಮ ಹವಾಮಾನಕ್ಕೆ ಒಗ್ಗುವುದಿಲ್ಲ. ಹಿಮ ಬೀಳುವ ನಾಡುಗಳಲ್ಲಿ ವಸಂತ ಬಂದಾಗ ಮಣ್ಣಿನಲ್ಲಿ ತೇವವಿರುತ್ತದೆ, ಮುಂದೆ ಹಿತವಾದ ಬಿಸಿಲಿನ ದಿನಗಳಿರುತ್ತವೆ. ಅಲ್ಲಿ ಆಗ ಅಗೆದು ನೆಡುವುದು ಸರಿ. ನಮ್ಮ ಒಳನಾಡಿನಲ್ಲಿ ವಸಂತದ ಬೆನ್ನಿಗೇ ಬೇಸಿಗೆ ಬರುತ್ತದೆ. ಹಿಂಗಾರು ಮುಗಿದ ಮೇಲೆ ಮಾರ್ಚ್‌ವರೆಗೆ ಬೀಳುವ ಮಳೆ ಲೆಕ್ಕಕ್ಕೇ ಸಿಗದು. ಕಲಬುರಗಿ, ರಾಯಚೂರುಗಳಲ್ಲಿ ಏಪ್ರಿಲ್, ಮೇ ತಿಂಗಳಿನಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಇಂಥ ಕಡೆ ವಸಂತದ ತಯಾರಿ ಎಂದರೆ ಇರುವ ತೇವವನ್ನು ಜೂನ್‌ವರೆಗೆ ಕಾಪಾಡಿಕೊಳ್ಳುವುದು. ಅದಕ್ಕೆ ಬೇಕಾದ ಸಾಮಗ್ರಿಯನ್ನು ಮರಗಳೇ ಸರಿಯಾದ ಹೊತ್ತಿಗೆ ಕೆಳಗೆ ಹಾಕುತ್ತವೆ. ನಾವು ಅದನ್ನು ಸುಡುತ್ತೇವೆ.

ಗಿಡದ ಬುಡದ ಸುತ್ತ ಮೂರು ನಾಲ್ಕು ಅಂಗುಲ ದಪ್ಪಕ್ಕೆ ತರಗೆಲೆ ಹರಡಿದರೆ ಬಿಸಿಲು ನೇರವಾಗಿ ಮಣ್ಣಿಗೆ ತಾಗುವುದಿಲ್ಲ, ನೀರು ಆವಿಯಾಗುವುದು ನಿಧಾನವಾಗುತ್ತದೆ, ಬೇರಿನ ಬಳಿ ತಂಪು ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ. ಬೆಂಗಳೂರು, ಕೋಲಾರದ ಕಡೆಯ ಕೆಂಪುಮಣ್ಣು ಬರಿದಾಗಿ ಬಿದ್ದಿದ್ದರೆ ಮೊದಲ ಜೋರುಮಳೆಯ ಹನಿಗಳ ಪೆಟ್ಟಿಗೆ ಮೇಲ್ಮೈ ಹೆಪ್ಪುಗಟ್ಟಿ, ನೀರು ಇಂಗದೆ ಚರಂಡಿಗೆ ಹರಿಯುತ್ತದೆ. ಎಲೆಯ ಹೊದಿಕೆ ಆ ಪೆಟ್ಟನ್ನೂ ತಡೆಯುತ್ತದೆ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಉತ್ತರ ಕನ್ನಡದಲ್ಲಿ ತೋಟದ ಜೊತೆಗೆ ಸೊಪ್ಪಿನ ಬೆಟ್ಟದ ಹಕ್ಕೂ ಇರುವುದು ಸೊಪ್ಪು, ದರಕು (ತರಗೆಲೆ) ತಂದು ಕೊಟ್ಟಿಗೆಗೂ ತೋಟಕ್ಕೂ ಹಾಕಲೆಂದೇ. ಬಯಲುಸೀಮೆಯ ರೈತರು ಹೊಂಗೆಸೊಪ್ಪನ್ನು ಗದ್ದೆಗೆ ತುಳಿದು ಗೊಬ್ಬರ ಮಾಡಿದ್ದೂ ಹಳೆಯ ಪದ್ಧತಿ; ದ್ವಿದಳ ಜಾತಿಯ ಆ ಮರದ ಎಲೆಯಲ್ಲಿ ಸಾರಜನಕ ಹೆಚ್ಚು. ಹಳ್ಳಿಯಲ್ಲಿ ಇಷ್ಟು ಬೆಲೆಯುಳ್ಳ ವಸ್ತು ಪೇಟೆಯ ಅಂಗಳದಲ್ಲಿ ಕಸವಾಗಿರುವುದು ಬೇಸರದ ಸಂಗತಿ.

ಸುಟ್ಟರೆ ಬೂದಿಯೂ ಗೊಬ್ಬರವೇ ಅಲ್ಲವೇ ಎಂದು ಕೇಳುವವರಿದ್ದಾರೆ. ಬೂದಿಯಲ್ಲಿ ಪೊಟ್ಯಾಷ್ ಇದೆ, ಸುಣ್ಣದ ಅಂಶವಿದೆ, ನಿಜ. ಆದರೆ ಎಲೆಯ ಇಂಗಾಲ ಮತ್ತು ಸಾರಜನಕದ ಬಹುಪಾಲು ಹೊಗೆಯಲ್ಲೇ ಹೋಗಿರುತ್ತದೆ. ಗಡಸು ಬೋರ್‌ವೆಲ್ ನೀರು ಕುಡಿದು ಮೊದಲೇ ಕ್ಷಾರವಾಗಿರುವ ಮಣ್ಣಿಗೆ ಬೂದಿ ಸುರಿದರೆ ಕ್ಷಾರ ಇನ್ನಷ್ಟು ಏರುತ್ತದೆ. ಹೊಗೆಯ ಪ್ರಶ್ನೆ ಇದಕ್ಕಿಂತ ದೊಡ್ಡದು. ಫೆಬ್ರವರಿಯ ತಣ್ಣನೆಯ ಮುಂಜಾವುಗಳಲ್ಲಿ ಗಾಳಿ ಅಲುಗುವುದಿಲ್ಲ. ಎಲೆರಾಶಿಯ ಹೊಗೆ ಮೇಲೇರದೆ ಬೀದಿಯಲ್ಲೇ ನಿಲ್ಲುತ್ತದೆ. ಅದರಲ್ಲಿರುವ ಸೂಕ್ಷ್ಮ ಕಣ, ಕಾರ್ಬನ್ ಮಾನಾಕ್ಸೈಡ್ ಸೇರುವುದು ಶಾಲೆಗೆ ಹೊರಟ ಮಕ್ಕಳ, ಉಬ್ಬಸವಿರುವ ಹಿರಿಯರ, ರಾಶಿಯ ಪಕ್ಕದಲ್ಲೇ ಪೊರಕೆ ಹಿಡಿದು ನಿಂತ ಪೌರಕಾರ್ಮಿಕರ ಎದೆಗೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಬಯಲಿನಲ್ಲಿ ಕಸ ಸುಡುವುದಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಗೊತ್ತುಮಾಡಿದೆ.

ಹಾವಿನ ಭಯ ಮಾತ್ರ ತಳ್ಳಿಹಾಕುವಂಥದ್ದಲ್ಲ. ಮನೆಬಾಗಿಲು, ಓಡಾಡುವ ದಾರಿ, ಮಕ್ಕಳು ಆಡುವ ಜಾಗ ಗುಡಿಸಿಕೊಂಡೇ ಇರಬೇಕು. ನಾನು ಹೇಳುತ್ತಿರುವುದು ಗಿಡಗಳ ಪಾತಿಯ ಮಾತು. ಅಲ್ಲಿಯೂ ತೆಳ್ಳಗೆ ಹರಡಬೇಕೇ ಹೊರತು ಮೊಣಕಾಲೆತ್ತರದ ಗುಡ್ಡೆ ಹಾಕಬಾರದು. ಗೆದ್ದಲಿನ ಶಂಕೆಗೂ ಉತ್ತರ ಇದೇ ಬಗೆಯದು: ಕಾಂಡದಿಂದ ಒಂದು ಗೇಣು, ಮನೆಯ ಗೋಡೆಯಿಂದ ಎರಡು ಮಾರು ಬಿಟ್ಟು ಹಾಕಬೇಕು. ಮೇಲೆ ಒಂದಿಷ್ಟು ಮಣ್ಣು ಉದುರಿಸಿ ನೀರು ಚಿಮುಕಿಸಿದರೆ ಎಲೆ ಹಾರುವುದೂ ಇಲ್ಲ, ಕಿಡಿ ತಾಗಿ ಉರಿಯುವುದೂ ಇಲ್ಲ. ಒಣ ಎಲೆಯನ್ನು ಮಣ್ಣಿನೊಳಗೆ ಹೂಳಬಾರದು; ಕೊಳೆಯುವಾಗ ಅದು ಬೇರಿಗೆ ಸಲ್ಲಬೇಕಾದ ಸಾರಜನಕವನ್ನು ಎಳೆದುಕೊಳ್ಳುತ್ತದೆ. ಕಪ್ಪುಚುಕ್ಕೆ ರೋಗದ ಗುಲಾಬಿ ಎಲೆ, ಹಿಟ್ಟುತಿಗಣೆ ಹತ್ತಿದ ದಾಸವಾಳದ ಕಡ್ಡಿಗಳನ್ನು ಬೇರೆ ತೆಗೆಯಬೇಕು. ಹೊಸ ಸಸಿಗಳನ್ನು ಮುಂಗಾರಿನವರೆಗೆ ಮುಂದೂಡುವುದು ಒಳ್ಳೆಯದು. ಮಾರ್ಚ್‌ನಲ್ಲಿ ನೆಟ್ಟ ಸಸಿಗೆ ಮೂರು ತಿಂಗಳು ದಿನವೂ ನೀರು ಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಬೇಕಾಗಿ ಬಂದ ಪರಿಸ್ಥಿತಿಯನ್ನು ನೆನೆದರೆ ಆ ನೀರು ಎಲ್ಲಿಂದ ತರುವುದು?

ಅಂಗಳವೇ ಇಲ್ಲದವರ, ಬೀದಿಮರಗಳ ಎಲೆಯ ಮಾತು ಬೇರೆ. ಅದನ್ನು ಮನೆಯವರ ಮೇಲೆ ಹೊರಿಸಲಾಗದು. ಎಲೆ ಉದುರುವ ಈ ಎರಡು ಮೂರು ತಿಂಗಳಾದರೂ ನಗರಸಭೆ, ಪಾಲಿಕೆಗಳು ಒಣ ಎಲೆಯನ್ನು ಬೇರೆ ಚೀಲಗಳಲ್ಲಿ ಪಡೆದು, ಪ್ರತಿ ಬಡಾವಣೆಯ ಉದ್ಯಾನದ ಒಂದು ಮೂಲೆಯಲ್ಲಿ ತಂತಿಬಲೆಯ ಗೂಡು ಕಟ್ಟಿ ಅದರಲ್ಲಿ ತುಂಬಿಸಬೇಕು. ಸಗಣಿನೀರು ಚಿಮುಕಿಸಿ, ಆಗಾಗ ತಿರುವಿಹಾಕಿದರೆ ಕೆಲವೇ ತಿಂಗಳಲ್ಲಿ ಗೊಬ್ಬರವಾಗುತ್ತದೆ. ಅದನ್ನು ಅದೇ ಉದ್ಯಾನಕ್ಕೆ ಹಾಕಬಹುದು. ಇದಕ್ಕೆ ದೊಡ್ಡ ಯಂತ್ರ ಬೇಡ. ಬೇಕಿರುವುದು ಗುಡಿಸುವವರಿಗೆ ಎಲೆ ಸಾಗಿಸಲು ಒಂದು ಗಾಡಿ, ಹಾಕಲು ಒಂದು ಜಾಗ. ಇವೆರಡನ್ನೂ ಕೊಡದೆ ಬೀದಿ ಚೊಕ್ಕಟವಾಗಿರಲಿ ಎಂದರೆ ಅವರ ಕೈಗೆ ಬೆಂಕಿಪೊಟ್ಟಣ ಕೊಟ್ಟವರು ನಾವೇ ಆಗುತ್ತೇವೆ.