ಸುಳ್ಳು ರೋಗದ ಹೆಸರಲ್ಲಿ ಸುಲಿಗೆ: ಕಳವಾಗುತ್ತಿರುವುದು ಯಾರ ಪಾಲು?

ರೋಗಿಯನ್ನು ಕಂಡಾಗ ಮನುಷ್ಯನ ಮನಸ್ಸು ಕರಗುವುದು ಅಲ್ಲಾಹನು ಅವನ ಪ್ರಕೃತಿಯಲ್ಲೇ ಇರಿಸಿರುವ ಕಾರುಣ್ಯದ ಕುರುಹಾಗಿದೆ. ಇಸ್ಲಾಮ್ ಈ ಕಾರುಣ್ಯವನ್ನು ಕೇವಲ ಭಾವನೆಯಾಗಿ ಬಿಡದೆ ಕರ್ತವ್ಯವನ್ನಾಗಿ ಮಾಡಿದೆ. ರೋಗಿಯ ಸಂದರ್ಶನವು ಒಬ್ಬ ಮುಸ್ಲಿಮನ ಮೇಲೆ ಇನ್ನೊಬ್ಬ ಮುಸ್ಲಿಮನಿಗಿರುವ ಹಕ್ಕು. ರೋಗಿಯತ್ತ ತಿರುಗಿ ನೋಡದವನನ್ನು ಅಲ್ಲಾಹನು ಪುನರುತ್ಥಾನ ದಿನದಂದು, ತನ್ನನ್ನೇ ಕಾಣಲು ಬಾರದವನೆಂಬಂತೆ ಪ್ರಶ್ನಿಸುವನೆಂದು ಪ್ರವಾದಿವರ್ಯರು(ಸ) ಎಚ್ಚರಿಸಿರುವುದನ್ನು ಸಹೀಹ್ ಮುಸ್ಲಿಮ್ ವರದಿ ಮಾಡಿದೆ. ಇಷ್ಟು ಉನ್ನತ ಸ್ಥಾನ ಪಡೆದ ಒಂದು ಕರ್ತವ್ಯವನ್ನೇ ಬಂಡವಾಳವಾಗಿಸಿ, ಇಲ್ಲದ ರೋಗವನ್ನು ತೋರಿಸಿ ಜನರ ಹಣ ದೋಚುವವರ ಕುರಿತು ನಾವು ಇನ್ನೂ ಮೌನವಾಗಿರುವುದು ಸರಿಯೇ?

ಈ ದಂಧೆಯ ರೂಪಗಳು ನಮಗೆ ಅಪರಿಚಿತವಲ್ಲ. ಯಾರದೋ ಹಳೆಯ ಬಯಾಪ್ಸಿ ವರದಿಯಲ್ಲಿ ಹೆಸರನ್ನು ತಿದ್ದಲಾಗುತ್ತದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿರುವ ನಿಜವಾದ ಮಗುವಿನ ಚಿತ್ರವನ್ನು ಕದ್ದು, ಕೆಳಗಿನ ಖಾತೆ ಸಂಖ್ಯೆಯನ್ನು ಮಾತ್ರ ಬದಲಿಸಿ ವಾಟ್ಸ್ಆ್ಯಪ್‌ನಲ್ಲಿ ಹರಿಯಬಿಡಲಾಗುತ್ತದೆ. ಊರಿನ ಹೆಸರೇ ಕೇಳಿರದ ಯಾವುದೋ ಮಸೀದಿಯ ಲೆಟರ್‌ಹೆಡ್ಡಿನಲ್ಲಿ ಶಿಫಾರಸು ಪತ್ರ ಸಿದ್ಧವಾಗುತ್ತದೆ. ರಮಝಾನ್ ಬಂತೆಂದರೆ ಜುಮಾ ನಮಾಝಿನ ಸಲಾಮ್ ಮುಗಿಯುವ ಮೊದಲೇ ಬಾಗಿಲಲ್ಲಿ ಬ್ಯಾಂಡೇಜು ಸುತ್ತಿದ ಕೈಗಳು ಸಾಲುಗಟ್ಟುತ್ತವೆ. ಅವರಲ್ಲಿ ನಿಜವಾದ ಕಷ್ಟದಲ್ಲಿರುವವರು ಖಂಡಿತ ಇದ್ದಾರೆ. ಆದರೆ ಆ ನಿಜವಾದವರನ್ನು ಗುರುತಿಸಲಾಗದಂತೆ ಮಾಡಿರುವುದೇ ಸುಳ್ಳು ರೋಗಿಗಳ ಅತಿದೊಡ್ಡ ಅಪರಾಧವಾಗಿದೆ.

ಇದು ಬಡತನದ ಒತ್ತಡದಿಂದ ಹುಟ್ಟಿದ ಪಾಪವೆಂದು ಸಮಾಧಾನ ಹೇಳುವವರಿದ್ದಾರೆ. ಅವರು ಸಿರಿವಂತ ದೇಶಗಳತ್ತ ಕಣ್ಣು ಹಾಯಿಸಲಿ. ಆಸ್ಟ್ರೇಲಿಯಾದ ಬೆಲ್ ಗಿಬ್ಸನ್ ಎಂಬಾಕೆ ತನಗೆ ಮೆದುಳಿನ ಕ್ಯಾನ್ಸರ್ ಇದೆಯೆಂದೂ ಆಹಾರಕ್ರಮದ ಮೂಲಕ ಅದನ್ನು ಎದುರಿಸುತ್ತಿರುವುದಾಗಿಯೂ ಹೇಳಿಕೊಂಡು, 2013ರಲ್ಲಿ ಮೊಬೈಲ್ ಆ್ಯಪ್ ಒಂದನ್ನು ಮಾರುಕಟ್ಟೆಗೆ ತಂದಳು. ಬಳಿಕ ಪುಸ್ತಕವನ್ನೂ ಪ್ರಕಟಿಸಿದಳು. ಆದಾಯದ ಭಾಗವನ್ನು ದಾನಕ್ಕೆ ಕೊಡುವುದಾಗಿ ಸಾರಿದಳು. ಆಕೆಗೆ ಕ್ಯಾನ್ಸರ್ ಇರಲೇ ಇಲ್ಲ. 2015ರಲ್ಲಿ ಆಕೆಯೇ ಅದನ್ನು ಒಪ್ಪಿಕೊಂಡಳು. 2017ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ 4,10,000 ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಬ್ಬ ಮಹಿಳೆ 2012ರಿಂದ ಸುಮಾರು ಏಳು ವರ್ಷ ಕ್ಯಾನ್ಸರ್ ರೋಗಿಯ ವೇಷ ಧರಿಸಿದಳು. ತಲೆ ಬೋಳಿಸಿಕೊಂಡಳು, ವೈದ್ಯಕೀಯ ದಾಖಲೆಗಳನ್ನು ನಕಲಿ ಮಾಡಿದಳು, ನಂಬಿದ ನೂರಾರು ಜನರಿಂದ ಒಂದು ಲಕ್ಷ ಡಾಲರಿಗೂ ಹೆಚ್ಚು ಹಣ ಪಡೆದಳು. 2022ರಲ್ಲಿ ಆಕೆಗೆ ಐದು ವರ್ಷಗಳ ಸೆರೆವಾಸವಾಯಿತು. ಇವರಾರೂ ಹಸಿವಿನಿಂದ ಕೈಚಾಚಿದವರಲ್ಲ. ಹಸಿದವನು ಅನ್ನ ಕೇಳುತ್ತಾನೆ. ಏಳು ವರ್ಷಗಳ ನಾಟಕಕ್ಕೆ ಬೇಕಾಗುವುದು ಹಸಿವಲ್ಲ, ಲಜ್ಜೆಗೆಟ್ಟ ದುರಾಸೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗುರುತಿಸುವುದು ನ್ಯಾಯ. ಹಣದ ಆಸೆಯಿಲ್ಲದೆ, ಕೇವಲ ಇತರರ ಕಾಳಜಿಗಾಗಿ ರೋಗವನ್ನು ನಟಿಸುವ ಒಂದು ಮಾನಸಿಕ ಸ್ಥಿತಿಯಿದೆ. ವೈದ್ಯ ರಿಚರ್ಡ್ ಆ್ಯಶರ್ 1951ರಲ್ಲಿ ಅದಕ್ಕೆ ಮುಂಚೌಸನ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಅಂಥವರು ಸ್ವತಃ ಚಿಕಿತ್ಸೆಗೆ ಅರ್ಹರು. ನಮ್ಮ ಮಾತು ಅವರ ಕುರಿತಲ್ಲ. ಖಾತೆ ಸಂಖ್ಯೆ ಕೊಟ್ಟು ರೋಗ ನಟಿಸುವವರ ಕುರಿತು.

ವಂಚಿಸುವವನು ತಮ್ಮವನಲ್ಲವೆಂದು ಪ್ರವಾದಿವರ್ಯರು(ಸ) ಸಾರಿದ್ದು ಮಾರುಕಟ್ಟೆಯಲ್ಲಿ. ಒಬ್ಬ ವ್ಯಾಪಾರಿ ಒದ್ದೆಯಾದ ಧಾನ್ಯವನ್ನು ರಾಶಿಯ ಒಳಗೆ ಅಡಗಿಸಿಟ್ಟಿದ್ದ ಸಂದರ್ಭದಲ್ಲಿ. ಅಲ್ಲಿ ಗ್ರಾಹಕನಿಗೆ ಸ್ವಲ್ಪ ಕೆಟ್ಟದ್ದಾದರೂ ಧಾನ್ಯವೇ ಸಿಗುತ್ತಿತ್ತು. ಸುಳ್ಳು ರೋಗಿಯ ರಾಶಿಯಲ್ಲಿ ಧಾನ್ಯವೇ ಇಲ್ಲ. ಸಂಪತ್ತು ಹೆಚ್ಚಿಸಿಕೊಳ್ಳಲು ಬೇಡುವವನು ಬೆಂಕಿಯ ಕೆಂಡವನ್ನೇ ಬೇಡುತ್ತಿದ್ದಾನೆಂದೂ, ಸದಾ ಬೇಡುತ್ತಲೇ ಇರುವವನು ಪರಲೋಕದಲ್ಲಿ ಮುಖದ ಮೇಲೆ ಮಾಂಸವಿಲ್ಲದವನಾಗಿ ಬರುವನೆಂದೂ ಹದೀಸ್‌ಗಳು ಎಚ್ಚರಿಸಿವೆ. ಕೇವಲ ಅನಗತ್ಯವಾಗಿ ಬೇಡುವವನ ಗತಿಯೇ ಹೀಗಿರುವಾಗ, ಸುಳ್ಳು ದಾಖಲೆ ಹಿಡಿದು ಬೇಡುವವನ ಗತಿಯನ್ನು ಊಹಿಸಿಕೊಳ್ಳಬಹುದು.

ಆತ ಇನ್ನೊಂದು ವಿಷಯವನ್ನೂ ಅರಿಯಬೇಕು. ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬಂದರೂ, ಇತರರ ಸೊತ್ತನ್ನು ಕಬಳಿಸಿದ ಕಾರಣ ಆ ಸತ್ಕರ್ಮಗಳನ್ನೆಲ್ಲ ಹಕ್ಕುದಾರರಿಗೆ ಹಂಚಿ ಬರಿಗೈಯಾಗುವವನೇ ನಿಜವಾದ ದಿವಾಳಿಕೋರನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮನುಷ್ಯರ ಹಕ್ಕಿಗೆ ಸಂಬಂಧಿಸಿದ ಪಾಪಕ್ಕೆ ಕೇವಲ ನಾಲಿಗೆಯ ತೌಬಾ ಸಾಲದು, ಪಡೆದುದನ್ನು ಹಿಂದಿರುಗಿಸಬೇಕು. ನೂರಾರು ಅಪರಿಚಿತರಿಂದ ಐವತ್ತು, ನೂರು ರೂಪಾಯಿಗಳಂತೆ ದೋಚಿದವನು ಯಾರನ್ನು ಹುಡುಕಿ ಹಿಂದಿರುಗಿಸುವನು? ಈ ಲೋಕದ ಕಾನೂನೂ ಇದನ್ನು ಕಡೆಗಣಿಸಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನಂತೆ, ವಂಚನೆಯಿಂದ ಹಣ ಪಡೆಯುವುದಕ್ಕೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾಗಿದೆ.

ಆದರೆ ವಂಚಕನನ್ನು ಶಪಿಸಿ ಕೈತೊಳೆದುಕೊಂಡರೆ ನಮ್ಮ ಹೊಣೆ ಮುಗಿಯುವುದಿಲ್ಲ. ಆತನಿಗೆ ದಾರಿ ಮಾಡಿಕೊಟ್ಟವರು ಯಾರು? ಕೇಳಿದವರಿಗೆಲ್ಲ ಲೆಟರ್‌ಹೆಡ್ಡಿನಲ್ಲಿ ಸಹಿ ಹಾಕಿಕೊಡುವ ಜಮಾಅತ್ ಕಮಿಟಿಗಳು. ಬಂದ ಸಂದೇಶವನ್ನು ಓದುವ ಮೊದಲೇ ಹತ್ತು ಗುಂಪುಗಳಿಗೆ ಕಳುಹಿಸಿ ಪುಣ್ಯ ಸಂಪಾದಿಸಿದೆವೆಂದು ಭಾವಿಸುವ ನಾವು. ರೋಗಿಯ ಕಣ್ಣೀರನ್ನು ಚಿತ್ರೀಕರಿಸಿ, ಸಂಗ್ರಹವಾದ ಹಣದ ಲೆಕ್ಕವನ್ನು ಎಂದೂ ಮಂಡಿಸದ ಸ್ವಯಂಘೋಷಿತ ‘ಚಾರಿಟಿ’ ನಾಯಕರು. ಸುದ್ದಿ ಬಂದಾಗ ಪರಿಶೀಲಿಸಿರೆಂದು ಸೂರಃ ಅಲ್ ಹುಜುರಾತ್ ಆದೇಶಿಸುತ್ತದೆ. ಆ ಆದೇಶ ರಾಜಕೀಯ ವದಂತಿಗಳಿಗೆ ಮಾತ್ರ ಸೀಮಿತವೆಂದು ನಮಗೆ ಹೇಳಿದವರಾರು?

‘ಕೊಡುವವನಿಗೆ ನಿಯ್ಯತ್ತಿನ ಪ್ರತಿಫಲ ಸಿಗುತ್ತದೆ, ವಿಚಾರಿಸುವುದೇಕೆ?’ ಎಂದು ಕೆಲವರು ಕೇಳುತ್ತಾರೆ. ರಾತ್ರಿಯ ಕತ್ತಲಲ್ಲಿ ದಾನ ಕೊಟ್ಟು, ಅದು ಕಳ್ಳನ ಕೈಗೂ ಧನಿಕನ ಕೈಗೂ ಸೇರಿತೆಂದು ಬೆಳಿಗ್ಗೆ ತಿಳಿದ ವ್ಯಕ್ತಿಯ ಹದೀಸನ್ನು ಅವರು ಮುಂದಿಡುತ್ತಾರೆ. ಆತನ ದಾನ ಸ್ವೀಕೃತವಾಯಿತೆಂಬುದು ಸತ್ಯ. ಆದರೆ ಆತ ಅರಿಯದೆ ಕೊಟ್ಟವನು. ಅರಿಯಲು ಸಾಧ್ಯವಿದ್ದೂ ಅರಿಯಲು ಒಲ್ಲದವನಿಗೆ ಆ ಹದೀಸ್ ಆಶ್ರಯವಾಗದು. ಅದರಲ್ಲೂ ಝಕಾತ್ ನಮ್ಮ ಇಷ್ಟದಂತೆ ಎರಚುವ ಹಣವಲ್ಲ. ಸೂರಃ ಅತ್ತೌಬಃದಲ್ಲಿ ಅದರ ಎಂಟು ಹಕ್ಕುದಾರ ವರ್ಗಗಳನ್ನು ಅಲ್ಲಾಹನೇ ನಿಶ್ಚಯಿಸಿದ್ದಾನೆ. ಪರರ ಹಕ್ಕು ನಮ್ಮ ಕೈಯಲ್ಲಿರುವಾಗ ಅದು ಅಮಾನತ್. ಅಮಾನತನ್ನು ಕಣ್ಣುಮುಚ್ಚಿ ಒಪ್ಪಿಸುವುದು ಔದಾರ್ಯವಲ್ಲ, ಹೊಣೆಗೇಡಿತನ.

ಪ್ರವಾದಿವರ್ಯರ(ಸ) ಕ್ರಮವೇನಾಗಿತ್ತು? ಸಾಲದ ಹೊಣೆ ಹೊತ್ತು ಸಹಾಯ ಕೇಳಲು ಬಂದ ಖಬೀಸಾ(ರ)ರಿಗೆ ಅವರು, ಬೇಡುವುದು ಮೂವರಿಗೆ ಮಾತ್ರ ಅನುಮತಿಸಲ್ಪಟ್ಟಿದೆಯೆಂದು ತಿಳಿಸಿದರು. ಇತರರ ಹೊಣೆ ಹೊತ್ತವನು, ಆಪತ್ತಿನಿಂದ ಸೊತ್ತು ಕಳೆದುಕೊಂಡವನು ಹಾಗೂ ಕಡುಬಡತನಕ್ಕೆ ತುತ್ತಾದವನು. ಈ ಕೊನೆಯವನ ವಿಷಯದಲ್ಲಿ ಅವನದೇ ಜನರಲ್ಲಿನ ಮೂವರು ವಿವೇಕಿಗಳ ಸಾಕ್ಷ್ಯವನ್ನು ಅವರು ಶರತ್ತಾಗಿಟ್ಟರು. ಅಗತ್ಯ ಪೂರೈಸಿದ ಬಳಿಕ ಬೇಡುವುದು ನಿಲ್ಲಬೇಕೆಂದೂ ಕಲಿಸಿದರು. ಸಾಕ್ಷ್ಯ ಮತ್ತು ಮಿತಿ, ಎರಡೂ ಈ ಒಂದೇ ಹದೀಸಿನಲ್ಲಿವೆ. ಹದಿನಾಲ್ಕು ಶತಮಾನಗಳ ಹಿಂದೆ ಕಲಿಸಿದ ಈ ವ್ಯವಸ್ಥೆಯನ್ನು ನಾವು ಕೈಬಿಟ್ಟೆವು. ವಂಚಕನು ಆ ಖಾಲಿ ಜಾಗಕ್ಕೆ ಬಂದು ಕುಳಿತನು.

ಈ ಎರಡು ತತ್ವಗಳು ಇಂದಿಗೂ ಕಾರ್ಯಸಾಧ್ಯವೆಂಬುದಕ್ಕೆ ನಮ್ಮ ನೆರೆಯಲ್ಲೇ ಉದಾಹರಣೆಯಿದೆ. 2021ರಲ್ಲಿ ಕೇರಳದ ಕಣ್ಣೂರು ಜಿಲ್ಲೆಯ ಒಂದು ಮಗುವಿಗೆ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ವಿರಳ ರೋಗಕ್ಕೆ 18 ಕೋಟಿ ರೂಪಾಯಿಯ ಔಷಧ ಬೇಕಾಯಿತು. ಊರವರ ಸಮಿತಿ ಮುಂದೆ ನಿಂತಿತು. ಕೆಲವೇ ದಿನಗಳಲ್ಲಿ ಮೊತ್ತ ಕೂಡಿತು. ಕೂಡಿದೊಡನೆ ಇನ್ನು ಹಣ ಕಳುಹಿಸಬೇಡಿರೆಂದು ಘೋಷಿಸಲಾಯಿತು. ಸತ್ಯದ ಬೇಡಿಕೆಗೆ ‘ಸಾಕು’ ಎಂಬ ಮಾತು ಗೊತ್ತಿರುತ್ತದೆ; ಸುಳ್ಳಿನ ಬೇಡಿಕೆಗೆ ಅದು ಗೊತ್ತಿರುವುದಿಲ್ಲ.

ಪ್ರತಿಯೊಂದು ಮಹಲ್ಲಾದಲ್ಲೂ ಮೂವರು ಅಥವಾ ಐವರ ಚಿಕಿತ್ಸಾ ನೆರವು ಸಮಿತಿ ಇರಲಿ. ಅದರಲ್ಲಿ ಒಬ್ಬ ವೈದ್ಯರೋ ದಾದಿಯೋ ಔಷಧ ಅಂಗಡಿಯವರೋ ಇರಲಿ. ರೋಗಿಯ ಆಸ್ಪತ್ರೆ ನೋಂದಣಿ ಸಂಖ್ಯೆ, ಚಿಕಿತ್ಸೆಯ ಅಂದಾಜು ವೆಚ್ಚದ ಪತ್ರ, ಈವರೆಗೆ ಕಟ್ಟಿದ ಬಿಲ್ಲುಗಳನ್ನು ಪಡೆದು ಆಸ್ಪತ್ರೆಯಲ್ಲೇ ಖಚಿತಪಡಿಸಿಕೊಳ್ಳಲಿ. ಹಣ ವ್ಯಕ್ತಿಯ ಕೈಗೆ ಹೋಗದೆ ನೇರ ಆಸ್ಪತ್ರೆಯ ಖಾತೆಗೆ ಹೋಗಲಿ. ಹೊರ ಊರಿನವರು ಬಂದರೆ ಅವರ ಜಮಾಅತಿನೊಂದಿಗೆ ದೂರವಾಣಿಯಲ್ಲಿ ಮಾತಾಡದೆ ಮಿಂಬರಿನ ಮುಂದೆ ಘೋಷಣೆ ಮಾಡದಿರಲಿ. ಕೂಡಿದ್ದೆಷ್ಟು, ಖರ್ಚಾದುದೆಷ್ಟು ಎಂಬ ಲೆಕ್ಕ ನೋಟಿಸ್ ಬೋರ್ಡಿನಲ್ಲಿರಲಿ. ರೋಗಿಯ ಹೆಸರು, ಚಿತ್ರ ಅಲ್ಲಿರಬೇಕಾಗಿಲ್ಲ.

ಇದರಿಂದ ಇನ್ನೊಂದು ಉಪಕಾರವೂ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ಸೌಲಭ್ಯವಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಸರಕಾರಿ ಕ್ಯಾನ್ಸರ್ ಆಸ್ಪತ್ರೆಯಿದೆ. ಎಷ್ಟೋ ನಿಜವಾದ ರೋಗಿಗಳು ಇದನ್ನರಿಯದೆ ಮನೆ ಮಾರುತ್ತಾರೆ, ಸಾಲ ಮಾಡುತ್ತಾರೆ. ಪರಿಶೀಲಿಸಲು ಹೊರಟ ಸಮಿತಿಯು ಅವರ ಕೈಹಿಡಿದು ಈ ಬಾಗಿಲುಗಳ ತನಕ ಕರೆದೊಯ್ಯಬಲ್ಲುದು. ವಿಚಾರಣೆಯೆಂದರೆ ಸಂಶಯವಲ್ಲ; ಅದು ಕಾಳಜಿಯ ಮೊದಲ ಹೆಜ್ಜೆ.

ಕೊನೆಯದಾಗಿ, ವಂಚಕರ ಕಥೆ ಕೇಳಿ ಒಳಗೊಳಗೇ ಸಂತೋಷಪಡುವ ಒಂದು ವರ್ಗಕ್ಕೂ ಮಾತು ಹೇಳಬೇಕಾಗಿದೆ. ‘ಎಲ್ಲವೂ ಮೋಸ, ಅದಕ್ಕೇ ನಾವು ಯಾರಿಗೂ ಕೊಡುವುದಿಲ್ಲ’ ಎನ್ನುವವರು ಇವರು. ಬನೀ ಇಸ್ರಾಈಲರ ಕುಷ್ಠರೋಗಿ, ಬೋಳುತಲೆಯವನು ಮತ್ತು ಕುರುಡನ ವೃತ್ತಾಂತವನ್ನು ಅವರು ನೆನಪಿಸಿಕೊಳ್ಳಲಿ. ಗುಣಮುಖರಾಗಿ ಸಿರಿವಂತರಾದ ಬಳಿಕ ಅವರ ಬಳಿಗೆ ಬೇಡಲು ಬಂದವನಿಗೆ, ತನ್ನ ಮೇಲೆ ಹಕ್ಕುಗಳ ಹೊರೆ ಬಹಳವಿದೆಯೆಂದು ಮೊದಲನೆಯವನು ನೆಪ ಹೇಳಿದನು. ಎರಡನೆಯವನ ಉತ್ತರವೂ ಅದೇ ಆಗಿತ್ತು. ಕುರುಡನಾಗಿದ್ದವನೊಬ್ಬನೇ ತನ್ನ ಹಿಂದಿನ ಸ್ಥಿತಿಯನ್ನು ನೆನೆದು ಕೈಬಿಚ್ಚಿದನು. ಅಲ್ಲಾಹನ ಸಂತೃಪ್ತಿ ದೊರೆತುದು ಅವನಿಗೆ ಮಾತ್ರ. ವಂಚಕನು ಬಡರೋಗಿಯ ಹಣವನ್ನು ಕದಿಯುತ್ತಾನೆ. ವಂಚಕನ ನೆಪ ಹೇಳುವವನು ಅದೇ ರೋಗಿಯ ಕೊನೆಯ ಆಸೆಯನ್ನು ಕದಿಯುತ್ತಾನೆ.

ಆತ್ಮಾಭಿಮಾನದಿಂದ ಯಾರ ಮುಂದೆಯೂ ಕೈಚಾಚದೆ, ಅರಿಯದವರ ಕಣ್ಣಿಗೆ ಅನುಕೂಲಸ್ಥರಂತೆ ಕಾಣುವ ಬಡವರ ಕುರಿತು ಸೂರಃ ಅಲ್ ಬಕರಃ ಪ್ರಸ್ತಾಪಿಸುತ್ತದೆ. ಅವರು ಮಸೀದಿಯ ಬಾಗಿಲಲ್ಲಿ ನಿಂತಿರುವುದಿಲ್ಲ, ವೀಡಿಯೊಗಳಲ್ಲಿ ಅಳುವುದಿಲ್ಲ. ಡಯಾಲಿಸಿಸ್ ಮುಗಿಸಿ ಬಸ್ಸಿನಲ್ಲಿ ಮರಳುತ್ತಿರುತ್ತಾರೆ. ಮುಂದಿನ ಕಿಮೊಥೆರಪಿಯ ದಿನವನ್ನು ಹಣವಿಲ್ಲದೆ ಮುಂದೂಡುತ್ತಿರುತ್ತಾರೆ. ನಟಿಸುವವನು ನಮ್ಮನ್ನು ಹುಡುಕಿಕೊಂಡು ಬರುತ್ತಾನೆ. ನಿಜವಾದ ರೋಗಿಯನ್ನು ನಾವೇ ಹುಡುಕಿಕೊಂಡು ಹೋಗಬೇಕು. ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ಕರುಣಿಸಲಿ, ನಮ್ಮ ಸಂಪತ್ತನ್ನು ಅದರ ನಿಜವಾದ ಹಕ್ಕುದಾರರಿಗೆ ತಲಪಿಸುವ ವಿವೇಕವನ್ನು ನಮಗೆ ದಯಪಾಲಿಸಲಿ. ಆಮೀನ್.