ಹರಾಜಿಗೆ ಬಂದ ‘ನಡೆಯುವ ಮನುಷ್ಯ’

ಕಂಚಿನ ಶಿಲ್ಪವೊಂದು ಹರಾಜಿಗೆ ಬಂದಾಗ, ಚಿತ್ರಪಟದ ಮಾರಾಟದಲ್ಲಿ ಸಾಮಾನ್ಯವಾಗಿ ತಲೆದೋರದ ಪ್ರಶ್ನೆಯೊಂದು ಎದುರಾಗುತ್ತದೆ: ಒಂದೇ ಮಾದರಿಯಿಂದ ಹಲವು ಎರಕಗಳು ಹೊರಬಂದಿರುವಾಗ ಕೊಂಡವರ ಕೈಸೇರುವುದು ಕೃತಿಯೇ, ಅದರ ಒಂದು ಪ್ರತಿಯೇ? ಸ್ವಿಸ್ ಶಿಲ್ಪಿ ಆಲ್ಬರ್ಟೊ ಜಾಕೊಮೆಟ್ಟಿಯ (1901–1966) ‘ನಡೆಯುವ ಮನುಷ್ಯ 1’ ಎಂಬ ಕೃತಿ 2010ರ ಫೆಬ್ರವರಿ 3ರಂದು ಲಂಡನ್ನಿನ ಸೋದಬೀಸ್ ಸಂಸ್ಥೆಯ ಹರಾಜಿನಲ್ಲಿ ಮಾರಾಟವಾದದ್ದು ಈ ಪ್ರಶ್ನೆಗೆ ಒಳ್ಳೆಯ ನಿದರ್ಶನ. 1.2 ಕೋಟಿಯಿಂದ 1.8 ಕೋಟಿ ಪೌಂಡ್ ಬೆಲೆ ಬರಬಹುದೆಂದು ಅಂದಾಜಿಸಲಾಗಿದ್ದ ಈ ಶಿಲ್ಪದ ಕೂಗು 5.8 ಕೋಟಿ ಪೌಂಡ್‌ಗೆ ನಿಂತಿತು. ಕೊಳ್ಳುವವರು ಹರಾಜು ಸಂಸ್ಥೆಗೆ ಸಲ್ಲಿಸಬೇಕಾದ ಶುಲ್ಕವೂ ಕೂಡಿ ಮೊತ್ತ 6,50,01,250 ಪೌಂಡ್ ಆಯಿತು. ಅಲ್ಲಿಯವರೆಗೆ ಹರಾಜಿನಲ್ಲಿ ಯಾವ ಕಲಾಕೃತಿಗೂ ಅಷ್ಟು ಬೆಲೆ ಬಂದಿರಲಿಲ್ಲ.

ಶಿಲ್ಪದ ಎತ್ತರ ಸುಮಾರು 183 ಸೆಂಟಿಮೀಟರ್, ಅಂದರೆ ಆಳೆತ್ತರ. ಮುಂಡ, ತೋಳು, ಕಾಲುಗಳೆಲ್ಲ ಸವೆದು ಕಡ್ಡಿಯಂತಾಗಿದ್ದರೂ ಪಾದಗಳು ಮಾತ್ರ ದಪ್ಪಗಿದ್ದು ನೆಲಕ್ಕೆ ಕಚ್ಚಿಕೊಂಡಂತಿವೆ. ಮಣ್ಣನ್ನು ಒತ್ತಿದ, ಕಿತ್ತ, ಮತ್ತೆ ಮೆತ್ತಿದ ಬೆರಳುಗಳ ಗುರುತು ಕಂಚಿನ ಮೈಮೇಲೆ ಹಾಗೆಯೇ ಉಳಿದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಿನೀವಾದಲ್ಲಿದ್ದ ಜಾಕೊಮೆಟ್ಟಿಯ ಶಿಲ್ಪಗಳು ಬೆಂಕಿಪೊಟ್ಟಣದಲ್ಲಿ ಹಿಡಿಸುವಷ್ಟು ಕಿರಿದಾಗಿದ್ದವು. ಯುದ್ಧಾನಂತರ ಪ್ಯಾರಿಸ್ಸಿಗೆ ಮರಳಿದ ಮೇಲೆ ಅವು ಎತ್ತರವನ್ನು ಪಡೆದುಕೊಂಡವಾದರೂ ಗಾತ್ರವನ್ನು ಮಾತ್ರ ಮರಳಿ ಪಡೆಯಲಿಲ್ಲ. ಯುದ್ಧದಿಂದ ಜರ್ಝರಿತವಾದ ಯುರೋಪಿನ ಮನುಷ್ಯನ ನಿರಾಶೆಯನ್ನು ಮಾತ್ರ ಈ ಶಿಲ್ಪದಲ್ಲಿ ಕಾಣುವುದು ರೂಢಿಯಾಗಿದ್ದರೂ, ಸೊಂಟದಿಂದ ಮುಂದಕ್ಕೆ ಬಾಗಿದ ಆ ಮೈಯ ನಿಶ್ಚಯವನ್ನು ಗಮನಿಸಿದವರಿಗೆ ಆ ಓದು ಅರೆಬರೆಯೆನಿಸದೆ ಇರದು.

ಜಾಕೊಮೆಟ್ಟಿ ಮಣ್ಣಿನಲ್ಲಿ ರೂಪಿಸಿದ್ದನ್ನು ಅವನ ತಮ್ಮ ಡಿಯೇಗೊ ಪ್ಲಾಸ್ಟರಿಗೆ ಇಳಿಸುತ್ತಿದ್ದ. ಆ ಪ್ಲಾಸ್ಟರ್ ಮಾದರಿ ಎರಕದ ಕಾರ್ಖಾನೆಗೆ ಹೋಗುತ್ತಿತ್ತು. ಇಲ್ಲಿ ಭಾರತೀಯ ಪದ್ಧತಿಯೊಂದಿಗಿನ ವ್ಯತ್ಯಾಸ ಗಮನಾರ್ಹ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಲೋಹದ ವಿಗ್ರಹಗಳನ್ನು ಮಾಡುವ ವಿಧಾನದ ವಿವರಣೆಯಿದೆ. ಮೇಣದಲ್ಲಿ ಮೂರ್ತಿಯನ್ನು ರಚಿಸಿ, ಅದಕ್ಕೆ ಮಣ್ಣು ಮೆತ್ತಿ ಒಣಗಿಸಿ, ಕಾಯಿಸಿ ಮೇಣವನ್ನು ಹರಿಯಗೊಟ್ಟು, ತೆರವಾದ ಪೊಳ್ಳಿಗೆ ಕರಗಿದ ಲೋಹವನ್ನು ಹೊಯ್ಯುವ ಈ ಕ್ರಮದಲ್ಲಿ ಮೂರ್ತಿಯನ್ನು ಹೊರತೆಗೆಯಲು ಅಚ್ಚನ್ನು ಒಡೆಯಲೇಬೇಕಾದ್ದರಿಂದ, ಒಂದು ಮೇಣದ ರೂಪದಿಂದ ಒಂದೇ ವಿಗ್ರಹ ಹುಟ್ಟುತ್ತದೆ. ಯುರೋಪಿನ ಆಧುನಿಕ ಎರಕದಲ್ಲಾದರೋ ಪ್ಲಾಸ್ಟರ್ ಮಾದರಿ ಉಳಿದುಕೊಳ್ಳುವುದರಿಂದ ಅದರಿಂದ ಮತ್ತೆ ಮತ್ತೆ ಅಚ್ಚು ತೆಗೆಯಬಹುದು. ಹೀಗಾಗಿ ಅಲ್ಲಿ ಎರಕಗಳ ಸಂಖ್ಯೆಗೆ ಮಿತಿ ಹಾಕುವುದು ಲೋಹವೂ ಅಲ್ಲ, ಬೆಂಕಿಯೂ ಅಲ್ಲ, ಮಾತಿನ ಕರಾರು. ‘ನಡೆಯುವ ಮನುಷ್ಯ 1’ಕ್ಕೆ ಸಂಖ್ಯೆ ಕೊರೆದ ಆರು ಎರಕಗಳೂ ಕಲಾವಿದನ ಪಾಲಿನವೆಂದು ಎಣಿಸಲಾಗುವ ನಾಲ್ಕೂ ಇವೆ. 2010ರಲ್ಲಿ ಮಾರಾಟವಾದದ್ದು ಆರರಲ್ಲಿ ಎರಡನೆಯದು. ಪ್ಯಾರಿಸ್ಸಿನ ಸ್ಯೂಸ್ ಕಾರ್ಖಾನೆಯಲ್ಲಿ 1961ರಲ್ಲಿ, ಅಂದರೆ ಶಿಲ್ಪಿ ಬದುಕಿದ್ದಾಗಲೇ ಹೊಯ್ದದ್ದು. ಕಲಾವಿದನ ಜೀವಿತಕಾಲದ ಎರಕಕ್ಕೂ ಮರಣಾನಂತರದ ಎರಕಕ್ಕೂ ಮಾರುಕಟ್ಟೆಯಲ್ಲಿ ಬಹಳ ಅಂತರವಿದೆ. ಈ ಅಂತರಕ್ಕೆ ಕಾರಣವೂ ಇದೆ: ಎರಕ ಕೈಸೇರಿದ ಮೇಲೆ ಅದರ ಮೈಬಣ್ಣವನ್ನು ಒಪ್ಪುವ ಅಥವಾ ತಿರಸ್ಕರಿಸುವ ಕಣ್ಣು ಆಗ ಇನ್ನೂ ತೆರೆದಿತ್ತು.

ಬೆಲೆಗಿಂತ ಹೆಚ್ಚಿನ ಚಿಂತನೆಗೆ ಅರ್ಹವಾದದ್ದು ಈ ಶಿಲ್ಪದ ಸ್ಥಳದ ವಿಚಾರ. ನ್ಯೂಯಾರ್ಕಿನ ಚೇಸ್ ಮ್ಯಾನ್‌ಹಟನ್ ಬ್ಯಾಂಕಿನ ಹೊಸ ಕಟ್ಟಡದ ಮುಂದಿನ ಬಯಲಿಗೆಂದು ಜಾಕೊಮೆಟ್ಟಿ ನಡೆಯುವ ಪುರುಷ, ನಿಂತ ಸ್ತ್ರೀ, ಬೃಹತ್ ತಲೆ ಎಂಬ ಮೂರು ರೂಪಗಳನ್ನು ಯೋಚಿಸಿದ್ದ. ದಿನವೂ ಆ ದಾರಿಯಲ್ಲಿ ಓಡಾಡುವ ಜನರ ನಡುವೆ ಅವು ನಿಲ್ಲಬೇಕಾಗಿತ್ತು. ತನ್ನ ಕೆಲಸದಿಂದ ತೃಪ್ತನಾಗದ ಶಿಲ್ಪಿ ಆ ಯೋಜನೆಯನ್ನೇ ಕೈಬಿಟ್ಟ. ಬಯಲಿನಲ್ಲಿ 1972ರಲ್ಲಿ ಜ್ಯಾಂ ದ್ಯುಬುಫೆಯ ಮರಗಳ ಶಿಲ್ಪ ಬಂದು ನಿಂತಿತು. ಎರಡನೆಯ ಸಂಖ್ಯೆಯ ಎರಕವನ್ನಾದರೋ 1980ರಲ್ಲಿ ಜರ್ಮನಿಯ ಡ್ರೆಸ್ಡ್‌ನರ್ ಬ್ಯಾಂಕ್ ಕೊಂಡಿತು. 2009ರಲ್ಲಿ ಆ ಬ್ಯಾಂಕು ಕಾಮರ್ಜ್‌ಬ್ಯಾಂಕಿನ ವಶವಾದಾಗ ಅದರ ಕಲಾಸಂಗ್ರಹವೂ ಜೊತೆಗೇ ಹೋಯಿತು. ಸಂಗ್ರಹದ ಹಲವು ಕೃತಿಗಳನ್ನು ವಸ್ತುಸಂಗ್ರಹಾಲಯಗಳಿಗೆ ಎರವಲು ಕೊಟ್ಟ ಹೊಸ ಒಡೆಯರು ಇದನ್ನು ಮಾತ್ರ ಹರಾಜಿಗೆ ಇಟ್ಟರು. ದೂರವಾಣಿಯ ಮೂಲಕ ಬೆಲೆ ಕೂಗಿ ಕೊಂಡವರ ಹೆಸರನ್ನು ಸಂಸ್ಥೆ ಪ್ರಕಟಿಸಲಿಲ್ಲ. ಬಂದ ಹಣದಲ್ಲಿ ಒಂದು ಪಾಲು ಕಲಾಕಾರ್ಯಕ್ಕೇ ಸಲ್ಲುವುದೆಂದು ಬ್ಯಾಂಕು ಹೇಳಿದ್ದರೂ, ಎರವಲು ಕೊಡುವ ದಾರಿ ಕಣ್ಣೆದುರಿಗೇ ಇದ್ದಾಗ ಸಾರ್ವಜನಿಕರಿಗಾಗಿ ಕಲ್ಪಿಸಿದ ಕೃತಿಯನ್ನು ಆ ದಾರಿಯಿಂದ ಹೊರಗಿಟ್ಟದ್ದು ಸಮರ್ಥನೀಯವೆಂದು ಒಪ್ಪುವುದು ಕಷ್ಟ.

ಒಂದೇ ಮಾದರಿಯ ಹಲವು ಎರಕಗಳೆಂಬ ಪದ್ಧತಿಯ ನಿಜವಾದ ಪ್ರಯೋಜನ ಇಲ್ಲಿ ಕಾಣುತ್ತದೆ. ಒಂದು ಎರಕ ಖಾಸಗಿ ಮನೆಯನ್ನು ಸೇರಿದರೂ ಅದರ ಒಡಹುಟ್ಟಿದವು ಅಮೆರಿಕದ ಪಿಟ್ಸ್‌ಬರ್ಗಿನ ಕಾರ್ನೆಗಿ ಕಲಾ ಸಂಗ್ರಹಾಲಯದಲ್ಲಿಯೂ ದಕ್ಷಿಣ ಫ್ರಾನ್ಸಿನ ಸೇಂಟ್ ಪಾಲ್ ದ ವಾನ್ಸ್ ಊರಿನ ಮಾಗ್ ಪ್ರತಿಷ್ಠಾನದ ಅಂಗಳದಲ್ಲಿಯೂ ನೋಡುವವರಿಗೆ ದೊರೆಯುತ್ತವೆ. ಇಂಥ ಮಾರಾಟದ ಸುದ್ದಿಯನ್ನು ಬರೆಯುವವರು ಬೆಲೆಯ ಪಕ್ಕದಲ್ಲಿ ಈ ವಿಳಾಸಗಳನ್ನೂ ಕೊಡುವುದು ಓದುಗರಿಗೆ ಹೆಚ್ಚು ಉಪಯುಕ್ತ.